ನೆರಿಗೆಯ ಶಿಲ್ಪ

ಶಿಲ್ಪವೆಂದೊಡನೆ ನಮ್ಮ ಕರಾವಳಿಯವರ ಮನಸ್ಸು ಭಟ್ಕಳದ ಕೇತಪೈ ನಾರಾಯಣ ದೇವಾಲಯದ ಭಿತ್ತಿಗಳಲ್ಲಿ ಕಂಡರಿಸಿದ ರಾಮಾಯಣದೆಡೆಗೋ, ಕುಮಟೆ ಹೊನ್ನಾವರಗಳ ಗುಡಿಗಾರರ ಉಳಿಯಲ್ಲಿ ಮೈದಳೆಯುವ ಶ್ರೀಗಂಧದ ಮೂರ್ತಿಗಳೆಡೆಗೋ ಹರಿಯುವುದು ಸಹಜ. ಕಲ್ಲಾಗಲಿ ಮರವಾಗಲಿ, ಬೇಡವಾದುದನ್ನು ಕೆತ್ತಿ ತೆಗೆದಲ್ಲದೆ ಅಲ್ಲಿ ರೂಪವು ಒಡಮೂಡದು. ಆದರೆ ಏನನ್ನೂ ಕಳೆಯದೆ, ಏನನ್ನೂ ಕೂಡಿಸದೆ, ಒಂದೇ ಹಾಳೆಯನ್ನು ನೆರಿಗೆ ನೆರಿಗೆಯಾಗಿ ಮಡಿಸಿ ಶಿಲ್ಪವಾಗಿಸುವ ಕಲೆಯೊಂದುಂಟು. ಅದನ್ನು ಮಕ್ಕಳ ಕಾಗದದ ದೋಣಿಯ ಸಾಲಿಗೆ ಸೇರಿಸಿ ಕಡೆಗಣಿಸುವುದು ನ್ಯಾಯವಲ್ಲ. (ದೋಣಿಯೂ ಕೀಳೆಂದು ನಾನು ಹೇಳಲಾರೆ.)

1927ರ ಸುಮಾರಿಗೆ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಜೋಸೆಫ್ ಆಲ್ಬರ್ಸರ ಶಿಷ್ಯರು ಕಾಗದದ ಮೇಲೆ ವೃತ್ತದೊಳಗೊಂದು ವೃತ್ತವಾಗಿ ಏರುಮಡಿಕೆ ಇಳಿಮಡಿಕೆಗಳನ್ನು ಹಾಕಿದಾಗ, ಚಪ್ಪಟೆಯಾಗಿದ್ದ ಹಾಳೆಯು ತಾನೇ ತಾನಾಗಿ ಕುದುರೆಯ ಜೀನಿನಂತೆ ಬಾಗಿ ಎದ್ದಿತು. ನಮ್ಮ ಕಾಲದಲ್ಲಿ ಗೊರಾನ್ ಕೊನ್ಯೆವೊಡ್ ಎಂಬ ಗಣಿತಜ್ಞ ಕಲಾವಿದರು ಕಿರುನೆರಿಗೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಒಂದರ ಮೇಲೊಂದು ಹೂಡಿ, ಪದರಗಳು ದಟ್ಟವಾದಂತೆಲ್ಲ ಒಳಗೆ ಸಂಚಯಗೊಳ್ಳುವ ಬಿಗಿತದಿಂದಲೇ ಬಟ್ಟಲನ್ನೂ ಅಲೆಯನ್ನೂ ಎಬ್ಬಿಸುತ್ತಾರೆ. ಎಲ್ಲಿ ಬಾಗಬೇಕೆಂಬುದನ್ನು ಕಲಾವಿದನಷ್ಟೇ ಕಾಗದವೂ ನಿಶ್ಚಯಿಸುತ್ತದೆ. ಮಾರ್ಟಿನ್ ಡಿಮೇನ್ ಮತ್ತು ಎರಿಕ್ ಡಿಮೇನ್ ಎಂಬ ತಂದೆಮಕ್ಕಳ ಮಡಿಕೆಯ ಕೃತಿಗಳು 2008ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು.

ಇದಕ್ಕೆ ಬಂಧುವಾದ ವಿದ್ಯೆ ನಮ್ಮಲ್ಲಿ ಇಲ್ಲವೆಂದು ಭಾವಿಸಬೇಡಿರಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಯಕ್ಷಗಾನ ಮೇಳ ಕಟ್ಟಿದ ಹೊನ್ನಾವರ ಸೀಮೆಯಲ್ಲಿ, ಬಡಗುತಿಟ್ಟಿನ ವೇಷಧಾರಿಯು ಬಣ್ಣದ ಮನೆಯಾದ ಚೌಕಿಯಲ್ಲಿ ಕುಳಿತು ಮುಂಡಾಸು ಕಟ್ಟುವುದನ್ನು ಕಂಡವರು ಇದನ್ನು ಬಲ್ಲರು. ಬಟ್ಟೆಯನ್ನು ಸುತ್ತಿ ಸುತ್ತಿ ಬಿಗಿದು, ಜರಿಯ ಪಟ್ಟಿಗಳನ್ನು ಓರೆಯಾಗಿ ಎಳೆದೆಳೆದು ಹೊಂದಿಸಿದಾಗ ಕೇದಗೆಯ ಎಸಳಿನಂಥ ಆ ಭವ್ಯಾಕೃತಿ ತಲೆಯ ಮೇಲೆ ನಿಲ್ಲುತ್ತದೆ. ಒಂದೆಳೆ ಸಡಿಲವಾದರೂ ಕರ್ಣಾರ್ಜುನರ ಗಾಂಭೀರ್ಯವೇ ವಾಲೀತು. ಅಲ್ಲಿಯೂ ಬಿಗಿತವೇ ಶಿಲ್ಪಿ. ಬೆಳಗಾದೊಡನೆ ಬಿಚ್ಚಿ ಪೆಟ್ಟಿಗೆಯನ್ನು ಸೇರುವುದೆಂಬ ಒಂದೇ ಕಾರಣಕ್ಕಾಗಿ ನಾವದನ್ನು ಶಿಲ್ಪವೆಂದು ಕರೆಯಲಿಲ್ಲ, ಕೇವಲ ವೇಷದ ಅಂಗವೆಂದೆಣಿಸಿದೆವು. ಬಾಳಿಕೆಯೇ ಕಲೆಯ ಅಳತೆಗೋಲೆನ್ನುವುದಾದರೆ ಸಂಗೀತಕ್ಕೆ ಎಲ್ಲಿ ಎಡೆ?

ಆದುದರಿಂದ ನೀವು ಮುಂದಿನ ಬಾರಿ ಆಟಕ್ಕೆ ಹೋಗುವಾಗ ಚೆಂಡೆಯ ಸದ್ದಿಗೆ ಕಾಯದೆ ಒಂದು ಗಳಿಗೆ ಮೊದಲೇ ಹೊರಟು, ಕಲಾವಿದರ ಅನುಮತಿ ಬೇಡಿ, ಚೌಕಿಯಲ್ಲಿ ಆ ಕೈಗಳ ಕೆಲಸವನ್ನು ನೋಡಬೇಕೆಂದು ಪ್ರಾರ್ಥಿಸುತ್ತೇನೆ.