ಉಳಿಸಿಟ್ಟ ಪದಬದಲಿ ಪಟ್ಟಿಗಳ ನಿರ್ವಹಣೆ: ಸದಸ್ಯರು ಅರಿತಿರಬೇಕಾದ ಸಂಗತಿಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಸಭೆಯ ನಡವಳಿಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವವರು ಸಿಬ್ಬಂದಿ. ಅದನ್ನು ದೃಢೀಕರಿಸುವವರು ತಾವು. ಆದುದರಿಂದ ದಾಖಲೆಯ ಅಕ್ಷರಗಳನ್ನು ಒಮ್ಮೆಲೇ ಬದಲಿಸುವ ಸಾಧನವೊಂದರ ಗುಣದೋಷಗಳು ತಮಗೂ ತಿಳಿದಿರುವುದು ಅಗತ್ಯ.

ಲಿಬ್ರೆಆಫೀಸ್ ರೈಟರ್ ತಂತ್ರಾಂಶಕ್ಕೆ ಆಲ್ಟ್‌ಸರ್ಚ್ ಎಂಬ ವಿಸ್ತರಣೆಯನ್ನು ಸೇರಿಸಿಕೊಂಡರೆ, ‘ಹುಡುಕಬೇಕಾದ ಪದ, ಬದಲಿ ಪದ’ ಎಂಬ ಅನೇಕ ಜೋಡಿಗಳನ್ನು ಒಂದು ಪಟ್ಟಿಯಾಗಿ ಹೆಸರಿಟ್ಟು ಉಳಿಸಬಹುದು. ಬೇಕೆಂದಾಗ ಒಂದೇ ಆದೇಶದಿಂದ ಪಟ್ಟಿಯೆಲ್ಲವೂ ಅನುಕ್ರಮವಾಗಿ ಜಾರಿಗೊಳ್ಳುತ್ತದೆ. ಆದರೆ ಯಂತ್ರವು ನೋಡುವುದು ಅಕ್ಷರಗಳ ಸಾಲನ್ನು, ಅರ್ಥವನ್ನಲ್ಲ.

ಮೊದಲನೆಯದಾಗಿ, ಅನುಕ್ರಮ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಬದಲಾದವು. ‘ಗುಲ್ಬರ್ಗಾ’ ಎಂಬುದನ್ನು ‘ಕಲಬುರಗಿ’ ಎಂದು ಬದಲಿಸುವ ಒಂದೇ ಜೋಡಿ ಇದ್ದರೆ, ‘ಗುಲ್ಬರ್ಗಾದಲ್ಲಿ’ ಎಂಬುದು ‘ಕಲಬುರಗಿದಲ್ಲಿ’ ಎಂದಾಗುತ್ತದೆ, ಆಗಬೇಕಾದದ್ದು ‘ಕಲಬುರಗಿಯಲ್ಲಿ’. ಆದುದರಿಂದ ಪ್ರತ್ಯಯ ಸೇರಿದ ರೂಪಗಳನ್ನು ಪಟ್ಟಿಯಲ್ಲಿ ಮೊದಲು, ಬರಿಯ ಹೆಸರನ್ನು ಕೊನೆಗೆ ಇಡತಕ್ಕದ್ದು.

ಎರಡನೆಯದಾಗಿ, ಪದದೊಳಗಿನ ಪದ. ‘ಸದಸ್ಯ’ ಎಂಬುದನ್ನು ‘ಸದಸ್ಯರು’ ಎಂದು ಬದಲಿಸಹೊರಟರೆ, ಈಗಾಗಲೇ ಸರಿಯಿರುವ ‘ಸದಸ್ಯರು’ ಎಂಬುದು ‘ಸದಸ್ಯರುರು’ ಆಗುತ್ತದೆ. ‘ಸದಸ್ಯೆ’ ಎಂಬಲ್ಲಿ ಎತ್ವದ ಚಿಹ್ನೆ ಅನಾಥವಾಗಿ ಉಳಿಯುತ್ತದೆ. ಚಿಕ್ಕ ಪದಗಳನ್ನು ಪಟ್ಟಿಗೆ ಸೇರಿಸದಿರುವುದೇ ಕ್ಷೇಮ.

ಮೂರನೆಯದಾಗಿ, ಮರುಚಾಲನೆ. 2015ರ ತಿದ್ದುಪಡಿಯಿಂದ ನಮ್ಮ ಕಾಯ್ದೆಯ ಹೆಸರು ‘ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993’ ಎಂದಾಯಿತು. ‘ಪಂಚಾಯತ್ ರಾಜ್ ಅಧಿನಿಯಮ’ ಎಂಬಷ್ಟನ್ನೇ ಹುಡುಕಲು ಹೇಳಿದರೆ, ಎರಡನೆಯ ಬಾರಿ ಪಟ್ಟಿಯನ್ನು ಚಲಾಯಿಸಿದಾಗ ‘ಗ್ರಾಮ ಸ್ವರಾಜ್ ಮತ್ತು’ ಎಂಬುದು ಎರಡೆರಡಾಗಿ ಸೇರಿಕೊಳ್ಳುತ್ತದೆ. ‘ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ’ ಎಂದು ಪೂರ್ಣವಾಗಿ ಕೊಟ್ಟರೆ ಆ ತೊಡಕಿಲ್ಲ; ಹೊಸ ಹೆಸರಿನಲ್ಲಿ ಆ ಸಾಲು ಹಾಗೆಯೇ ಬರುವುದಿಲ್ಲವಷ್ಟೆ. ಆದರೆ ತಿದ್ದುಪಡಿಗೆ ಮುಂಚಿನ ಆದೇಶವೊಂದನ್ನು ಉದ್ಧರಿಸಿರುವಲ್ಲಿ ಹಳೆಯ ಹೆಸರೇ ಉಳಿಯತಕ್ಕದ್ದು. ಅಲ್ಲಿ ಬದಲಿಸಿದರೆ ಉದ್ಧರಣೆಯೇ ಸುಳ್ಳಾಗುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಜನರ ಹೆಸರು ಮತ್ತು ವಿಳಾಸ. ಛತ್ತೀಸಗಢದಲ್ಲಿಯೂ ಬಿಜಾಪುರ ಎಂಬ ಜಿಲ್ಲೆಯಿದೆ. ಅಲ್ಲಿಂದ ದುಡಿಯಲು ಬಂದ ಕಾರ್ಮಿಕನ ವಿಳಾಸವು ನಮ್ಮ ಪಟ್ಟಿಯ ದೆಸೆಯಿಂದ ‘ವಿಜಯಪುರ’ ಎಂದಾದರೆ, ಅವನ ಗುರುತಿನ ಚೀಟಿಗೂ ನಮ್ಮ ದಾಖಲೆಗೂ ತಾಳೆಯಾಗದು. ಫಲಾನುಭವಿಯ ತಂದೆಯ ಹೆಸರಿನಲ್ಲಿ ಒಂದು ಅಕ್ಷರ ಬದಲಾದರೂ ಬ್ಯಾಂಕಿನಲ್ಲಿ, ಇ-ಸ್ವತ್ತಿನಲ್ಲಿ ಅಲೆದಾಡಬೇಕಾದವರು ಬಡವರೇ. ಯಂತ್ರಕ್ಕೆ ಅದರ ನೋವು ತಟ್ಟದು.

ಆದಕಾರಣ ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಉಚಿತ:

1. ವ್ಯಕ್ತಿಗಳ ಹೆಸರು, ಸರ್ವೆ ಸಂಖ್ಯೆ, ಮೊತ್ತ ಮತ್ತು ದಿನಾಂಕಗಳನ್ನು ಪಟ್ಟಿಗೆ ಸೇರಿಸಕೂಡದು.

2. ಸಭಾ ಸೂಚನೆ, ನಡವಳಿ, ಪತ್ರವ್ಯವಹಾರ ಇವುಗಳಿಗೆ ಪ್ರತ್ಯೇಕ ಪಟ್ಟಿಗಳಿರಲಿ. ಪಟ್ಟಿಯ ಹೆಸರಿನಲ್ಲಿಯೇ ಉದ್ದೇಶ ಹಾಗೂ ತಿದ್ದಿದ ದಿನಾಂಕವಿರಲಿ.

3. ಪಟ್ಟಿಯನ್ನು ಮೂಲ ಕಡತದ ಮೇಲೆ ಚಲಾಯಿಸದೆ ಪ್ರತಿಯ ಮೇಲೆ ಚಲಾಯಿಸಿ, ಎರಡನ್ನೂ ಹೋಲಿಸಿ ನೋಡಿದ ಬಳಿಕವೇ ಮುದ್ರಿಸತಕ್ಕದ್ದು.

4. ಉಳಿಸಿಟ್ಟ ಪಟ್ಟಿಯು ಆ ಗಣಕಯಂತ್ರದ ಆ ಬಳಕೆದಾರರ ಖಾತೆಯಲ್ಲಿ ಮಾತ್ರ ಇರುತ್ತದೆ. ಯಂತ್ರ ಕೆಟ್ಟರೆ ಅಥವಾ ಸಿಬ್ಬಂದಿ ಬದಲಾದರೆ ಅದು ಕೈತಪ್ಪುವುದರಿಂದ, ಅದರ ಪ್ರತಿಯನ್ನು ಬೇರೆಡೆ ಇರಿಸಿ, ಪ್ರಭಾರ ಹಸ್ತಾಂತರದ ವೇಳೆ ಒಪ್ಪಿಸತಕ್ಕದ್ದು.

5. ದೃಢೀಕರಿಸಿ ಸಹಿಯಾದ ನಡವಳಿಯ ಕಡತದ ಮೇಲೆ ಯಾವ ಪಟ್ಟಿಯನ್ನೂ ಚಲಾಯಿಸಕೂಡದು. ಅದರಲ್ಲಿ ತಪ್ಪು ಕಂಡರೆ ಸಭೆಯ ಮುಂದಿಟ್ಟೇ ಸರಿಪಡಿಸುವುದು ಕ್ರಮ.

ತಾವು ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಪಟ್ಟಿಯ ಮುದ್ರಿತ ಪ್ರತಿಯನ್ನು ಕೇಳಿ ಪಡೆದು ಓದಿರಿ. ತಮ್ಮ ವಾರ್ಡಿನ ಕೇರಿ, ಹಾಡಿ, ತಾಂಡಾಗಳ ಹೆಸರುಗಳನ್ನು ಅಲ್ಲಿನ ಜನ ಹೇಗೆ ಹೇಳುತ್ತಾರೆಂಬುದು ತಮಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ನಡವಳಿಯನ್ನು ಓದಿ ಹೇಳುವಾಗ ಹೆಸರುಗಳ ಕಡೆಗೆ ಕಿವಿಗೊಡಿರಿ. ಸಂಶಯ ಬಂದಲ್ಲಿ ದೃಢೀಕರಣಕ್ಕೆ ಮುನ್ನವೇ ತಡೆದು ಕೇಳಿರಿ. ಹಾಗೆ ಕೇಳುವುದು ಸಿಬ್ಬಂದಿಯ ಮೇಲಿನ ಅಪನಂಬಿಕೆಯಲ್ಲ, ದಾಖಲೆಗೆ ಸಲ್ಲಿಸುವ ಗೌರವ.