ತಾಯಿಯ ದಣಿವನ್ನೂ ಕಾಣೋಣ
(ಶಾಖಾಮಠದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಯಶೋದೆಯು ಕೃಷ್ಣನನ್ನು ಒರಳಿಗೆ ಕಟ್ಟುವ ಪ್ರಸಂಗ ತಮಗೆಲ್ಲ ತಿಳಿದದ್ದೇ. ಎಷ್ಟು ಹಗ್ಗ ಸೇರಿಸಿದರೂ ಎರಡಂಗುಲ ಕಡಿಮೆ. ಕೊನೆಗೆ ಮೈ ಬೆವೆತು, ಮುಡಿ ಸಡಿಲಿ ನಿಂತ ತಾಯಿಯ ಶ್ರಮವನ್ನು ಕಂಡು ಭಗವಂತನು ಕೃಪೆಯಿಂದ ತಾನೇ ಕಟ್ಟಿಸಿಕೊಂಡನು. ಜಗದೊಡೆಯನೇ ಗಮನಿಸಿದ ತಾಯಿಯ ದಣಿವನ್ನು ನಾವು ಗಮನಿಸುತ್ತಿದ್ದೇವೆಯೇ?

ಮಕ್ಕಳಿಗೆ ಬರುವ ಟೈಪ್ 1 ಮಧುಮೇಹವನ್ನು ನೋಡಿ. ದೇಹದ ರಕ್ಷಣಾವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಪಡಿಸುವುದರಿಂದ ಬರುವ ರೋಗವಿದು. ಸಿಹಿ ತಿಂದದ್ದರಿಂದಲ್ಲ, ತಾಯಿಯ ತಪ್ಪಿನಿಂದಲೂ ಅಲ್ಲ. 1922ರ ಜನವರಿಯಲ್ಲಿ ಟೊರಾಂಟೊ ನಗರದ 14 ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಡುವವರೆಗೆ ಇಂತಹ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದು ಓದುತ್ತಾರೆ, ದುಡಿಯುತ್ತಾರೆ, ಗೃಹಸ್ಥರಾಗುತ್ತಾರೆ. ಆದರೆ ಅದರ ಹಿಂದೆ ತಾಯಿಯ ನಿದ್ದೆಯಿಲ್ಲದ ರಾತ್ರಿಗಳಿವೆ. ದಿನವೂ ಹಲವು ಬಾರಿ ಚುಚ್ಚುಮದ್ದು, ರಕ್ತಪರೀಕ್ಷೆ, ತುತ್ತುತುತ್ತಿಗೂ ಲೆಕ್ಕ. ನಡುರಾತ್ರಿ ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದರೆ ವೈದ್ಯರು ಹೇಳಿದಷ್ಟು ಗ್ಲೂಕೋಸ್ ಕೊಟ್ಟು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಬೇಕು.

ನನ್ನ ಮೊಮ್ಮಗನಿಗೆ ಈ ರೋಗವೆಂದು ತಿಳಿದ ದಿನ "ಯಾವ ಜನ್ಮದ ಕರ್ಮವೋ" ಎಂದು ನಾನೂ ಅಂದುಬಿಟ್ಟೆ. ಸೊಸೆ ತುಟಿ ಬಿಚ್ಚಲಿಲ್ಲ. ಮುಂದೊಂದು ಏಕಾದಶಿ; ನಿರ್ಜಲ ಉಪವಾಸದಲ್ಲಿಯೇ ಆಕೆ ರಾತ್ರಿಯೆಲ್ಲ ಮಗುವಿನ ಪಕ್ಕ ಕುಳಿತಿದ್ದಳು. ದ್ವಾದಶಿಯ ಬೆಳಗಿನ ಜಾವ ಅಡಿಗೆಮನೆಯಲ್ಲಿ ಕುಸಿದುಬಿದ್ದಾಗ ನನ್ನ ಮಾತಿನ ಭಾರ ನನಗೆ ತಿಳಿಯಿತು. ಕರ್ಮಸಿದ್ಧಾಂತವಿರುವುದು ನಮ್ಮನ್ನು ನಾವು ತಿದ್ದಿಕೊಳ್ಳಲು, ನೊಂದವರನ್ನು ಅಳೆಯಲು ಅಲ್ಲ. ಬಾಲರಿಗೂ ರೋಗಿಗಳಿಗೂ ಶಾಸ್ತ್ರವೇ ಉಪವಾಸದಲ್ಲಿ ರಿಯಾಯಿತಿ ತೋರಿದೆ. ಶಕ್ತಿಮೀರಿ ದಣಿದ ತಾಯಂದಿರೂ ಗುರುಹಿರಿಯರನ್ನು ಕೇಳಿ ನಡೆಯಲಿ.

ನಾವೇನು ಮಾಡಬಹುದು? ಈಗ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ರಾತ್ರಿ ಮಗನೂ ಒಂದು ರಾತ್ರಿ ನಾನೂ ಎಚ್ಚರವಿರುತ್ತೇವೆ. ಚುಚ್ಚುಮದ್ದು ಕೊಡಲು ಅರವತ್ತು ದಾಟಿದ ನಾನೂ ಕಲಿತೆ. ಊಟದ ಹೊತ್ತು ತಪ್ಪಿದರೆ ಇಂತಹ ಮಕ್ಕಳಿಗೆ ಅಪಾಯ. ಆದುದರಿಂದ ಶ್ರೀಮಠದಲ್ಲಿ ನೈವೇದ್ಯ, ಹಸ್ತೋದಕಗಳಾದ ಮೇಲೆ ಅವರನ್ನು ಮೊದಲ ಪಂಕ್ತಿಯಲ್ಲಿ ಕೂಡಿಸೋಣ, ತಡವಾಗುವಂತಿದ್ದರೆ ತಾಯಿಗೆ ಮುಂಚೆಯೇ ತಿಳಿಸೋಣ. ತವರು ದೂರವಿರುವ ಈ ಪರಸ್ಥಳದಲ್ಲಿ ಮಠವೇ ಅವಳಿಗೆ ತವರಾಗಲಿ.

ಎರಡು ವಾರ ಕಳೆದರೂ ಬೇಸರ, ಅಳು, ನಿರಾಸೆ ಹೋಗದಿದ್ದರೆ ಅದು ಭಕ್ತಿಯ ಕೊರತೆಯಲ್ಲ, ವೈದ್ಯರನ್ನು ಕಾಣಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.

ಯಶೋದೆಯ ಶ್ರಮವನ್ನು ಕಂಡು ಕರಗಿದ ದಾಮೋದರನು ನಮಗೂ ಅಂತಹ ಕಣ್ಣನ್ನು ಕರುಣಿಸಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥