ಬಾಯಿ ಬಿಡಲು ಬೇಕಾದ ಧೈರ್ಯ: ಚಿಕ್ಕಬಳ್ಳಾಪುರ ಸೀಮೆಯ ನೂರು ವರ್ಷ

ನಕ್ಷೆಯಲ್ಲಿ ನಾಲ್ಕು ಊರು ನೋಡಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. 2007ರ ಆಗಸ್ಟ್ 23ರವರೆಗೆ ಇವೆಲ್ಲ ಕೋಲಾರ ಜಿಲ್ಲೆಗೇ ಸೇರಿದ್ದವು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ನಂಬಿದ, ಕನ್ನಡ ತೆಲುಗು ಎರಡೂ ಆಡುವ ಸೀಮೆ.

ಸರ್ಕಾರದ ಕಡತಗಳಲ್ಲಿ ಸಮಾನತೆಯನ್ನು ಸಮಾಜ ಕಲ್ಯಾಣ ಇಲಾಖೆ ನೋಡಿಕೊಳ್ಳುತ್ತದೆ, ಜನರ ಭದ್ರತೆ ಪೊಲೀಸರದು, ಸ್ವಯಂಸೇವಾ ಸಂಸ್ಥೆಗಳ ಕಾಗದಪತ್ರ ನೋಂದಣಾಧಿಕಾರಿ ಕಚೇರಿಯಲ್ಲಿರುತ್ತದೆ. ಊರಿಗೆ ಬಂದರೆ ಈ ಮೂರನ್ನೂ ಬಿಡಿಸಿ ನೋಡಲಾಗುವುದಿಲ್ಲ. ಅನ್ಯಾಯವಾದವನು ಬಾಯಿ ಬಿಡಬಲ್ಲನೇ? ಬಿಟ್ಟರೆ ಆ ರಾತ್ರಿ ತನ್ನ ಮನೆಯಲ್ಲಿ ನಿದ್ದೆ ಮಾಡಬಲ್ಲನೇ? ಅವನ ಜೊತೆ ನಿಲ್ಲಲು ನಾಲ್ಕು ಜನ ಇದ್ದಾರೆಯೇ? ಈ ಸೀಮೆಯ ಚರಿತ್ರೆಯನ್ನು ನಾನು ಈ ಪ್ರಶ್ನೆಗಳ ಮೇಲೇ ಹೇಳುತ್ತೇನೆ.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಅವರು 1912ರಿಂದ ಮೈಸೂರಿನ ದಿವಾನರು. 1917ರಲ್ಲಿ ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಳಿ ಕಟ್ಟಿ, ಸರ್ಕಾರಿ ಕೆಲಸಗಳಲ್ಲಿ ತಮಗೂ ಪಾಲು ಬೇಕೆಂದು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂಬುದು ಆ ಸಮಿತಿಯ ಶಿಫಾರಸು. ಅರ್ಹತೆ ಕುಗ್ಗುತ್ತದೆ ಎಂಬುದು ವಿಶ್ವೇಶ್ವರಯ್ಯನವರ ವಾದವಾಗಿತ್ತು. ವರದಿ ಬರುವ ಮೊದಲೇ ಅವರು ದಿವಾನಗಿರಿ ಬಿಟ್ಟರು. ಕನ್ನಂಬಾಡಿ ಕಟ್ಟಿದ ಆ ದೊಡ್ಡ ಮನುಷ್ಯರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಈ ಒಂದು ವಿಷಯದಲ್ಲಿ ಮಹಾರಾಜರ ನಿಲುವೇ ಸರಿ ಎಂದು ನಾನು ನಂಬುತ್ತೇನೆ. ಒಂದು ಮಾತು ಸೇರಿಸಬೇಕು. ಮಿಲ್ಲರ್ ವರದಿಯಿಂದ ಹೆಚ್ಚಾಗಿ ಮೇಲೆ ಬಂದವರು ಭೂಮಿಯಿದ್ದ ಸಮುದಾಯಗಳವರು. ಊರಾಚೆಯ ಕೇರಿಗೆ ಅದರ ಫಲ ಅಷ್ಟಾಗಿ ತಲುಪಲಿಲ್ಲ.

ಈಗ ಗೌರಿಬಿದನೂರಿಗೆ ಬನ್ನಿ. 1938ರ ಏಪ್ರಿಲ್ 25, ವಿದುರಾಶ್ವತ್ಥ. ದೊಡ್ಡ ಅಶ್ವತ್ಥ ಮರದ ಸುತ್ತ ಜನ ನೆರೆದಿದ್ದಾರೆ. ಎರಡು ವಾರದ ಹಿಂದಷ್ಟೇ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಇಲ್ಲಿ ಸಭೆ ಸೇರುವುದಕ್ಕೂ ಬಾವುಟ ಹಾರಿಸುವುದಕ್ಕೂ ಸರ್ಕಾರ ನಿಷೇಧ ಹಾಕಿತ್ತು. ಜನ ಕದಲಲಿಲ್ಲ. ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕದಲ್ಲಿ ಸರ್ಕಾರಕ್ಕೂ ಜನಕ್ಕೂ ತಾಳೆಯಾಗಲೇ ಇಲ್ಲ. ಮುಂದೆ ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಒಪ್ಪಂದ ಮಾಡಿಕೊಂಡು, ಬಾವುಟ ಹಾರಿಸಲು ಅನುಮತಿ ಸಿಕ್ಕಿತು.

ಸ್ವಯಂಸೇವಾ ಸಂಸ್ಥೆಗಳ ಕಥೆಗೂ ಇದಕ್ಕೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು. ಒಂದೆಡೆ ಸೇರುವುದೇ ಅಪರಾಧವಾಗಿದ್ದ ಕಾಲದಲ್ಲಿ ಸಂಘವೆಂಬುದು ಹುಟ್ಟುವುದಾದರೂ ಹೇಗೆ? ಸಂವಿಧಾನದ 19ನೇ ವಿಧಿ ಆ ಹಕ್ಕನ್ನು ಕೊಟ್ಟಿತು. 1960ರ ನಮ್ಮ ಸಂಘಗಳ ನೋಂದಣಿ ಕಾಯ್ದೆ ದಾರಿಯನ್ನು ಸರಳ ಮಾಡಿತು. ಏಳು ಜನ ಸೇರಿ, ಉದ್ದೇಶ ಬರೆದು, ಬೈಲಾ ಮಾಡಿ, ಶುಲ್ಕ ಕಟ್ಟಿದರೆ ಸಂಘ ನೋಂದಣಿಯಾಗುತ್ತದೆ. ಸಂಘವೊಂದು ಏನು ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಕೇಳಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗನೊಬ್ಬ ಓದುವುದಕ್ಕೆ ಬೆಂಗಳೂರಿಗೆ ನಡೆದೇ ಹೋದ, 1942ರ ಚಳವಳಿಯಲ್ಲಿ ಜೈಲು ಕಂಡ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಅವರೇ ಡಾ. ಎಚ್. ನರಸಿಂಹಯ್ಯ. ಅವರ ಮುತುವರ್ಜಿಯಿಂದ ನ್ಯಾಷನಲ್ ಎಜುಕೇಶನ್ ಸೊಸೈಟಿ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಯಿತು. ಬಸ್ ಚಾರ್ಜಿಗೂ ಕಾಸಿಲ್ಲದ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಮೊದಲ ಬಾರಿಗೆ ಪದವಿ ತರಗತಿ ನೋಡಿದರು.

ಎಪ್ಪತ್ತರ ದಶಕದಲ್ಲಿ ಕಾನೂನುಗಳು ಒಂದರ ಹಿಂದೆ ಒಂದು ಬಂದವು. ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ಹಲ್ಲು ಕೊಟ್ಟಿತು. ಅದೇ ವರ್ಷ ಪೊಲೀಸ್ ಇಲಾಖೆಯೊಳಗೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಶುರುವಾಯಿತು. 1976ರಲ್ಲಿ ಜೀತ ಪದ್ಧತಿ ನಿಷೇಧ ಕಾಯ್ದೆ, 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಮಾರದಂತೆ ತಡೆಯುವ ಪಿಟಿಸಿಎಲ್ ಕಾಯ್ದೆ. ಬೆಂಗಳೂರು ಬೆಳೆದು ದೇವನಹಳ್ಳಿ ವಿಮಾನ ನಿಲ್ದಾಣ ಬಂದ ಮೇಲೆ ಈ ಭಾಗದ ಎಕರೆ ಬೆಲೆ ಏನಾಯಿತೆಂದು ಗೊತ್ತಿರುವವರಿಗೆ ಈ ಕೊನೆಯ ಕಾಯ್ದೆಯ ಮಹತ್ವ ಬಿಡಿಸಿ ಹೇಳಬೇಕಿಲ್ಲ.

ಜೀತದ ಬಗ್ಗೆ ಸ್ವಲ್ಪ ನಿಲ್ಲೋಣ. ಮದುವೆಗೋ ಕಾಯಿಲೆಗೋ ಅಪ್ಪ ಸಾಲ ತಂದಿರುತ್ತಾನೆ. ಅದರ ಬಡ್ಡಿಗೆ ಮಗ ದುಡಿಯುತ್ತಾನೆ. ಕೋಳಿ ಕೂಗುವ ಹೊತ್ತಿಗೆ ಕೊಟ್ಟಿಗೆ ಬಾಚಬೇಕು, ದನ ಮೇಯಿಸಬೇಕು, ರಾತ್ರಿ ತೋಟ ಕಾಯಬೇಕು. ವರ್ಷಕ್ಕೊಂದು ಜೊತೆ ಬಟ್ಟೆ, ದಿನಕ್ಕೆರಡು ಹೊತ್ತು ಮುದ್ದೆ. ಲೆಕ್ಕ ಧಣಿಯ ಕೈಯಲ್ಲೇ ಇರುವುದರಿಂದ ಅಸಲು ಎಂದಿಗೂ ತೀರುವುದಿಲ್ಲ. ಕಾಯ್ದೆ ಬಂದ ದಿನವೇ ಆ ಸಾಲವೆಲ್ಲ ಕಾನೂನಿನ ಕಣ್ಣಲ್ಲಿ ರದ್ದಾಯಿತು. ಆದರೆ ಜೀತದಾಳು ಉಪವಿಭಾಗಾಧಿಕಾರಿಯ ಮುಂದೆ ನಿಂತು ‘ನಾನು ಇಂಥವರ ಮನೆಯಲ್ಲಿ ಜೀತಕ್ಕಿದ್ದೇನೆ’ ಎನ್ನಬೇಕು. ಆಗಷ್ಟೇ ಬಿಡುಗಡೆ ಪತ್ರ, ಆಮೇಲೆ ಪುನರ್ವಸತಿ ಹಣ. ಧಣಿಯ ಮನೆ ಎದುರಿಗೇ ಇರುವಾಗ ಆ ಒಂದು ವಾಕ್ಯ ಹೇಳುವುದು ಎಷ್ಟು ಕಷ್ಟ ಎಂಬುದನ್ನು ಯಾವ ಸುತ್ತೋಲೆಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಲ್ಲಿ ಸಂಘ ಬೇಕಾಯಿತು. 1977ರಲ್ಲಿ ಬಾಗೇಪಲ್ಲಿಯಲ್ಲಿ ಆಡಾಟ್ಸ್ ಎಂಬ ಸಂಸ್ಥೆ ಹುಟ್ಟಿತು. ಅದರ ನೆರವಿನಲ್ಲಿ ಹಳ್ಳಿಹಳ್ಳಿಗಳಲ್ಲಿ ಕೂಲಿ ಸಂಘಗಳು ಬೆಳೆದು ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ತಾಲ್ಲೂಕುಗಳಿಗೂ ಹಬ್ಬಿದವು. ಜಾತಿಯ ಹೆಸರಿನಲ್ಲಿ ಸೇರದೆ, ಕೂಲಿಯವರು ಎಂಬ ಒಂದೇ ಗುರುತಿನಲ್ಲಿ ಬಡ ರೈತರೂ ದಲಿತರೂ ಒಂದೇ ಜಮಖಾನದ ಮೇಲೆ ಕೂತರು. ಕೆಲವರ್ಷಗಳ ನಂತರ ಇದೇ ಸಂಘಟನೆ ಅಡುಗೆಮನೆಗೆ ಗೋಬರ್ ಗ್ಯಾಸ್ ತಂದಿತು. 2005ರಲ್ಲಿ ವಿಶ್ವಸಂಸ್ಥೆಯ ಹವಾಮಾನ ವ್ಯವಸ್ಥೆಯಡಿ 5,500 ಮನೆಗಳ ಯೋಜನೆ ನೋಂದಣಿಯಾಯಿತು. ಹೊಗೆ ಇಲ್ಲದ ಒಲೆ, ಸೌದೆ ಹೊರದ ತಲೆ. ಹೆಂಗಸರ ಪಾಲಿಗೆ ಅದು ಸಣ್ಣದಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ. ರೈತ ಗೂಡು ತರುತ್ತಾನೆ, ರೀಲರ್ ಹರಾಜಿನಲ್ಲಿ ಕೊಳ್ಳುತ್ತಾನೆ. ಚರಕದ ಮನೆಯಲ್ಲಿ ಗೂಡು ಕುದಿಯುವ ನೀರಿಗೆ ಬೀಳುತ್ತದೆ. ಬೆರಳು ಹಾಕಿ ಎಳೆಯ ತುದಿ ಹಿಡಿಯಬೇಕು. ದಿನವಿಡೀ ನೀರಲ್ಲಿ ನೆನೆದ ಬೆರಳು ಬಿಳಿಚಿ, ಸುಲಿದು, ಹುಣ್ಣಾಗುತ್ತವೆ. ಸತ್ತ ಹುಳುವಿನ ವಾಸನೆ ಬಟ್ಟೆ ಒಗೆದರೂ ಹೋಗುವುದಿಲ್ಲ. ಕರ್ನಾಟಕದ ರೇಷ್ಮೆ ಊರುಗಳಲ್ಲಿ ಈ ಕೆಲಸಕ್ಕೆ ಮಕ್ಕಳಿದ್ದರು, ಅವರಲ್ಲಿ ಅನೇಕರು ಅಪ್ಪ ಅಮ್ಮ ಪಡೆದ ಮುಂಗಡಕ್ಕೆ ಒತ್ತೆ ಬಿದ್ದವರು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ರೇಷ್ಮೆ ಉದ್ಯಮದ ಜೀತದ ಮಕ್ಕಳ ಕುರಿತು ವರದಿ ಹೊರತಂದಿತು. ಸರ್ಕಾರ ಸ್ವಯಂಸೇವಾ ಸಂಸ್ಥೆಗಳನ್ನು ಜೊತೆಗಿಟ್ಟುಕೊಂಡು ‘ಚಿಣ್ಣರ ಅಂಗಳ’ದಂಥ ಸೇತುಬಂಧ ಶಾಲೆಗಳನ್ನು ನಡೆಸಿತು. ಒಂದು ಮಾತು ಹೇಳಲೇಬೇಕು: ಮಗುವನ್ನು ಚರಕದಿಂದ ಎಬ್ಬಿಸಿ ಮನೆಗೆ ಬಿಟ್ಟು ಬರುವುದು ಒಂದು ಮಧ್ಯಾಹ್ನದ ಕೆಲಸ. ಮರುದಿನ ಮುಂಗಡ ವಾಪಸು ಕೇಳಲು ಬಂದವರ ಎದುರು ಆ ತಾಯಿಯ ಜೊತೆ ನಿಲ್ಲುವುದು ವರ್ಷಗಟ್ಟಲೆಯ ಕೆಲಸ. ಅದನ್ನು ಮಾಡಿದ ಕಾರ್ಯಕರ್ತರ ಹೆಸರು ಯಾವ ಫಲಕದಲ್ಲೂ ಇಲ್ಲ.

ಈಗ ಈ ಕಥೆಯ ಅತಿ ಕಷ್ಟದ ಭಾಗ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಮನೆಯೊಳಗಿದ್ದವರು ಹೊರಗೆ ಬರಲಾಗಲಿಲ್ಲ. ನಾಡೇ ಬೆಚ್ಚಿತು, ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು. ಉಳಿದವರು ಊರು ಬಿಟ್ಟರು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದು ಆಗಲೇ ಹತ್ತು ವರ್ಷವಾಗಿತ್ತು. 2006ರ ಡಿಸೆಂಬರ್‌ನಲ್ಲಿ ಕೋಲಾರದ ನ್ಯಾಯಾಲಯದ ತೀರ್ಪು ಬಂತು. ಸಾಕ್ಷಿಗಳು ಪ್ರತಿಕೂಲ ನುಡಿದಿದ್ದರು. ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು.

ಏಳು ಜನ ಸತ್ತದ್ದು ನಿಜ. ಕಾನೂನಿನ ಪ್ರಕಾರ ಕೊಂದವರು ಯಾರೂ ಇಲ್ಲ. ಇದನ್ನು ಹೇಳುವಾಗ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ.

ಸಾಕ್ಷಿಗಳನ್ನು ಬಯ್ಯುವುದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಘಟನೆಗೂ ತೀರ್ಪಿಗೂ ನಡುವೆ ಆರು ವರ್ಷಕ್ಕಿಂತ ಹೆಚ್ಚು. ಅಷ್ಟೂ ದಿನ ಕೂಲಿಗೆ ಯಾರ ಹೊಲಕ್ಕೆ ಹೋಗಬೇಕು, ಅಂಗಡಿಗೆ ಯಾವ ದಾರಿಯಲ್ಲಿ ನಡೆಯಬೇಕು, ಮಗಳು ಯಾವ ಬಸ್ಸಿಗೆ ಕಾಯಬೇಕು? ಘಟನೆಯಾದ ಕೂಡಲೇ ಬರುವ ಪೊಲೀಸ್ ವ್ಯಾನ್ ತಿಂಗಳೊಪ್ಪತ್ತಿನಲ್ಲಿ ಹೊರಟುಹೋಗುತ್ತದೆ. ಊರು ಅಲ್ಲೇ ಇರುತ್ತದೆ. ಭದ್ರತೆ ಎಂದರೆ ಸಾಕ್ಷಿ ಹೇಳುವ ದಿನದವರೆಗೂ, ಹೇಳಿದ ಮೇಲೂ ಜೊತೆಗಿರುವ ವ್ಯವಸ್ಥೆ ಎಂಬುದನ್ನು ಕಂಬಾಲಪಲ್ಲಿ ತೋರಿಸಿತು. ಆ ವ್ಯವಸ್ಥೆ ಆಗ ಇರಲಿಲ್ಲ.

ಆಮೇಲೆ ಬಂದ ಬದಲಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ. 2015ರ ತಿದ್ದುಪಡಿ ದೌರ್ಜನ್ಯ ತಡೆ ಕಾಯ್ದೆಗೆ ಸಂತ್ರಸ್ತರು ಮತ್ತು ಸಾಕ್ಷಿಗಳ ಹಕ್ಕಿನ ಅಧ್ಯಾಯವನ್ನೇ ಸೇರಿಸಿತು. ಅವರ ಮತ್ತು ಅವರ ಕುಟುಂಬದ ರಕ್ಷಣೆ ಸರ್ಕಾರದ ಹೊಣೆ, ಕೋರ್ಟಿಗೆ ಓಡಾಡುವ ಖರ್ಚೂ ಸರ್ಕಾರದ್ದೇ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿತು. ನಮ್ಮ ರಾಜ್ಯದಲ್ಲಿ 2017ರಿಂದ ಬೀಟ್ ಪದ್ಧತಿಯನ್ನು ಹೊಸದಾಗಿ ಕಟ್ಟಿ, ಕಾನ್‌ಸ್ಟೆಬಲ್‌ಗೆ ಇಂತಿಷ್ಟು ಹಳ್ಳಿ ಎಂದು ಒಪ್ಪಿಸಿ, ಊರಿನವರನ್ನೂ ಅದರಲ್ಲಿ ಸೇರಿಸಿಕೊಂಡರು. 2025ರಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಪ್ರತ್ಯೇಕ ಪೊಲೀಸ್ ಠಾಣೆಗಳೇ ಬಂದವು.

ಹೆಂಗಸರ ವಿಷಯದಲ್ಲೂ ಇದೇ ಜಾಡು. 2000ದ ಆಸುಪಾಸಿನಲ್ಲಿ ಸ್ತ್ರೀಶಕ್ತಿ ಸಂಘಗಳೂ, ತಾಲ್ಲೂಕುಗಳಲ್ಲಿ ಸ್ವಯಂಸೇವಾ ಸಂಸ್ಥೆಗಳೇ ನಡೆಸುವ ಸಾಂತ್ವನ ಕೇಂದ್ರಗಳೂ ಬಂದವು. ಗಂಡನ ಮನೆಯಲ್ಲಿ ಏಟು ತಿಂದವಳು ನೇರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಕ್ಕಿಂತ, ಮೊದಲು ಇನ್ನೊಬ್ಬ ಹೆಂಗಸಿನ ಹತ್ತಿರ ಅಳುವುದು ಸುಲಭ. ಆ ಸತ್ಯವನ್ನು ಸಾಂತ್ವನ ಯೋಜನೆ ಅರ್ಥಮಾಡಿಕೊಂಡಿತ್ತು. ನೊಂದ ಹೆಂಗಸರ ನೆರವಿಗೆ ಜಿಲ್ಲೆಗೊಂದು ಸಖಿ ಕೇಂದ್ರ ಬಂದಿದೆ ಎಂಬ ಕಾರಣ ಕೊಟ್ಟು ತಾಲ್ಲೂಕಿನ ಕೇಂದ್ರಗಳನ್ನು ಮುಚ್ಚುವುದು ನನ್ನ ಪ್ರಕಾರ ತಪ್ಪು ಲೆಕ್ಕ. ಜಿಲ್ಲೆಯ ಅಂಚಿನ ಚೇಳೂರು ಕಡೆಯ ಹಳ್ಳಿಯ ಹೆಂಗಸಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಹಿಡಿಯುವಾಗಲೇ ಊರಿಗೆಲ್ಲ ಗೊತ್ತಾಯಿತು. ಇತ್ತ ಗುಂಪು ಸಾಲದ ವಸೂಲಿಗೆ ಮನೆ ಬಾಗಿಲಲ್ಲಿ ಕೂತು ಕಾಡುವವರ ಹಾವಳಿ ಹೆಚ್ಚಿದಾಗ, 2025ರ ಫೆಬ್ರವರಿಯಲ್ಲಿ ಅದನ್ನು ತಡೆಯಲು ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಕೊನೆಯದಾಗಿ ಒಂದು ನಿಯಮವನ್ನು ನಿಮ್ಮ ಮುಂದಿಡಬೇಕು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 17ನೆಯದು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಪರಿಶಿಷ್ಟ ಸಮುದಾಯಗಳ ಅಧಿಕಾರೇತರ ಸದಸ್ಯರಿಗೂ, ಸ್ವಯಂಸೇವಾ ಸಂಸ್ಥೆಗಳ ಒಡನಾಟವಿರುವವರಿಗೂ ಅದರಲ್ಲಿ ಜಾಗವಿದೆ. ಎಷ್ಟು ಪ್ರಕರಣ ದಾಖಲಾದವು, ಪರಿಹಾರ ಯಾರಿಗೆ ತಲುಪಿಲ್ಲ, ಯಾವ ಸಾಕ್ಷಿಗೆ ಬೆದರಿಕೆಯಿದೆ ಎಂದು ಅಲ್ಲಿ ಜಿಲ್ಲಾಧಿಕಾರಿಯನ್ನೂ ಎಸ್‌ಪಿಯನ್ನೂ ಎದುರಿಗೇ ಕೂರಿಸಿ ಕೇಳಬಹುದು. ಆ ಸಭೆಯ ನಡಾವಳಿ ಸಾರ್ವಜನಿಕ ದಾಖಲೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನದೊಳಗೆ ಕೊಡಬೇಕು. ನಿಮ್ಮ ಜಿಲ್ಲೆಯ ಸಮಿತಿಯಲ್ಲಿ ಈಗ ಯಾರಿದ್ದಾರೆ, ಕಳೆದ ಸಭೆ ಯಾವಾಗ ಆಯಿತು, ಅಲ್ಲಿ ಯಾವ ಊರಿನ ಹೆಸರು ಬಂತು ಎಂದು ಈ ವಾರವೇ ಅರ್ಜಿ ಹಾಕಿ ಕೇಳಿ.